ಕಿಟಕಿ ಮುಚ್ಚಿದ ಬೆಳಿಗ್ಗೆ

ನಾನು ಒಬ್ಬ ಮನುಷ್ಯನ ಮೂಗು ಮುರಿದಿದ್ದೇನೆ. ಕೈ ತಪ್ಪಿ ಅಲ್ಲ. ಸ್ಟೀಲಿನ ಫ್ಲಾಸ್ಕು ಹಿಡಿದು, ಎದುರಿಗೆ ಮುಖ ನೋಡಿಕೊಂಡೇ, ಮೂರು ಸಲ ಬಾರಿಸಿದ್ದೇನೆ. ಮೂಗಿನ ಎಲುಬು ಮುರಿಯುವಾಗ ದೊಡ್ಡ ಶಬ್ದವೇನೂ ಬರುವುದಿಲ್ಲ, ಒಣಗಿದ ಹಪ್ಪಳ ತುಂಡು ಮಾಡಿದಷ್ಟೇ. ಆ ಶಬ್ದ ನನಗೆ ಇನ್ನೂ ಚೆನ್ನಾಗಿ ನೆನಪಿದೆ.

ಮೂರು ವರ್ಷದ ಹಿಂದಿನ ಡಿಸೆಂಬರ್ ಅದು. ನನ್ನ ಮನೆ ಕಾಪುವಿನಲ್ಲಿ, ಹೊಲಿಗೆ ಅಂಗಡಿ ಕಾರ್ಕಳದಲ್ಲಿ. ಬೆಳಿಗ್ಗೆ ಶಿರ್ವ, ಬೆಳ್ಮಣ್, ನಿಟ್ಟೆ ದಾಟಿ ಹೋಗುವ ಒಂದು ಹಳೆಯ ಬಸ್ಸು ಹತ್ತುತ್ತಿದ್ದೆ. ನಮ್ಮ ಕರಾವಳಿಯಲ್ಲಿ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆದರೆ ವರ್ಷವಿಡೀ ಬೆವರಿದ ಮೈಗೆ ಅಷ್ಟು ಚಳಿಯೇ ಸಾಕು. ಅದರಲ್ಲೂ ನಮ್ಮ ಖಾಸಗಿ ಬಸ್ಸುಗಳ ಓಟ ಗೊತ್ತಲ್ಲ. ಆ ವೇಗಕ್ಕೆ ಕಿಟಕಿಯ ಗಾಳಿ ಕೆನ್ನೆಗೆ ಹೊಡೆದ ಹಾಗೆಯೇ ಬೀಳುತ್ತಿತ್ತು.

ನನ್ನ ಪಕ್ಕದಲ್ಲಿ, ಕಿಟಕಿಯ ಬದಿಗೆ, ದಿನಾ ಒಬ್ಬರು ಬ್ಯಾರಿ ಮುಸ್ಲಿಂ ಹೆಂಗಸು ಕೂರುತ್ತಿದ್ದರು. ಅರವತ್ತು ದಾಟಿದವರು, ನಿಟ್ಟೆಯ ಹತ್ತಿರ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಎಲ್ಲರೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ಎಷ್ಟೋ ವರ್ಷ ದೊಡ್ಡ ಒಲೆಯ ಮುಂದೆ ನಿಂತು ಅವರ ಶ್ವಾಸ ಹಾಳಾಗಿತ್ತು. ಮುಚ್ಚಿದ ಬಸ್ಸಿನಲ್ಲಿ ಕೂತರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಕಿಟಕಿಯ ಗಾಜು ಮೇಲಕ್ಕೆ ಎತ್ತಿಯೇ ಇರಬೇಕು, ಬಲಗೈಯ ಬೆರಳುಗಳು ಕಿಟಕಿಯ ಅಂಚಿನ ಮೇಲೆ ಇರಬೇಕು.

ಬೆಳ್ಮಣ್‌ನಲ್ಲಿ ಒಬ್ಬರು ನಿವೃತ್ತ ಸರ್ವೇಯರ್ ಹತ್ತಿ ನಮ್ಮ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಕಾರ್ಕಳದಲ್ಲಿ ದಸ್ತಾವೇಜು ಬರೆಯುವವರೊಬ್ಬರ ಆಫೀಸಿಗೆ ಹೋಗುತ್ತಿದ್ದವರು. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಅದರ ಮೇಲೆ ಮಫ್ಲರ್. ಅವರಿಗೆ ಸೈನಸ್. ಎರಡು ಸೀಟಿಗೂ ಸೇರಿ ಒಂದೇ ಕಿಟಕಿ. ಜಗಳಕ್ಕೆ ಅಷ್ಟು ಸಾಕಾಗಿತ್ತು.

ಮೊದಮೊದಲು ಅದು ಜಗಳವೂ ಆಗಿರಲಿಲ್ಲ. ನಮ್ಮ ಮೂವರ ಮನೆಮಾತೂ ಬೇರೆ ಬೇರೆ, ನನ್ನದು ತುಳು, ಉಮ್ಮನದು ಬ್ಯಾರಿ, ಅವರದು ಕೊಂಕಣಿ. ಸರ್ವೇಯರ್ ಊರಿಂದೂರಿಗೆ ವರ್ಗವಾಗಿ ಕನ್ನಡವನ್ನೇ ಹೆಚ್ಚು ಆಡಿದವರಾದ್ದರಿಂದ ನಾವು ಅವರ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದೆವು.

"ನಿನ್ನೆಗಿಂತ ಇವತ್ತು ಜಾಸ್ತಿ ಉಂಟು ಅಲ್ವಾ ಚಳಿ?" ಎಂದು ಅವರು ಕೂರುತ್ತಲೇ ಶುರುಮಾಡುತ್ತಿದ್ದರು.

"ಎಂತ ಚಳಿ ಸರ್, ಇದು ಬರೀ ಗಾಳಿ," ಎನ್ನುತ್ತಿದ್ದರು ಉಮ್ಮ.

"ಗಾಳಿಯೇ ಕೊಲ್ಲುವುದು. ನಿಮಗೆ ಗೊತ್ತಿಲ್ಲ."

ಆಮೇಲೆ ಉಳಿದದ್ದೆಲ್ಲ ಬರುತ್ತಿತ್ತು. ಡ್ರೈವರನ ಹಾರ್ನು, ರಸ್ತೆಯ ಹೊಂಡ, ಫೋನಿನಲ್ಲಿ ಜೋರಾಗಿ ವಿಡಿಯೋ ಹಾಕುವ ಹುಡುಗರು, ಪಕ್ಕದ ಮನೆಯವರು ಬೆಳಿಗ್ಗೆ ಬೆಳಿಗ್ಗೆ ಪ್ಲಾಸ್ಟಿಕ್ ಸುಡುವುದು. ನಾನೂ ಸೇರಿಕೊಳ್ಳುತ್ತಿದ್ದೆ. ರವಿಕೆ ಅಳತೆ ಕೊಟ್ಟು ಆಮೇಲೆ ದಪ್ಪವಾಗಿ ಬಂದು ನನ್ನನ್ನೇ ಬೈಯುವ ಗಿರಾಕಿಗಳ ಕತೆ ಹೇಳುತ್ತಿದ್ದೆ. ಮೂವರೂ ನಗುತ್ತಿದ್ದೆವು. ನಿಟ್ಟೆ ಬರುವಷ್ಟರಲ್ಲಿ ಗಾಜು ಮೂರು ಸಲ ಮೇಲೆ, ಮೂರು ಸಲ ಕೆಳಗೆ ಆಗಿರುತ್ತಿತ್ತು.

ಡಿಸೆಂಬರ್ ಮುಗಿಯುತ್ತ ಬಂದ ಹಾಗೆ ನಗು ಕಡಿಮೆಯಾಯಿತು. ಸರ್ವೇಯರ್ ಕೇಳದೆ ಗಾಜು ಇಳಿಸತೊಡಗಿದರು. ಉಮ್ಮ ಮಾತಾಡದೆ ಎತ್ತತೊಡಗಿದರು. ಒಂದು ದಿನ ಸರ್ವೇಯರ್, "ಈ ಮುದುಕಿಗೆ ಹೇಳಿದರೆ ಅರ್ಥ ಆಗುವುದಿಲ್ಲ," ಎಂದು ನನ್ನ ಹತ್ತಿರ, ಉಮ್ಮನಿಗೆ ಕೇಳುವ ಹಾಗೆಯೇ ಹೇಳಿದರು. ಕೈಯಲ್ಲಿದ್ದ ಬ್ಯಾಗಿನ ಪಟ್ಟಿಯನ್ನು ತಿರುಚಿಕೊಂಡು ಕೂತೆ.

ನಾನು ಹೊಡೆದ ದಿನದ ಬೆಳಿಗ್ಗೆ ನನ್ನ ಮನೆಯಲ್ಲಿ ನಡೆದದ್ದನ್ನೂ ಹೇಳಬೇಕು. ನನ್ನ ಗಂಡ ಮಲ್ಪೆಯಲ್ಲಿ ಐಸ್ ಲಾರಿ ಓಡಿಸುವವರು. ಬೆಳಿಗ್ಗೆ ಎದ್ದಾಗ ಗ್ಯಾಸ್ ಮುಗಿದಿತ್ತು. ಸ್ನಾನಕ್ಕೆ ಬಿಸಿನೀರಿಲ್ಲ, ಚಹಾ ಇಲ್ಲ. ಹಿತ್ತಲಿನ ಒಲೆಗೆ ಬೆಂಕಿ ಹಾಕಲು ಹೋದರೆ ಇಬ್ಬನಿಗೆ ಸೌದೆ ಒದ್ದೆಯಾಗಿತ್ತು. ನಾನು ಊದಿ ಊದಿ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಕಪ್ಪು ಚಹಾ ತಂದುಕೊಟ್ಟೆ. ಅದು ತಣ್ಣಗಾಗಿತ್ತೋ ಏನೋ. ಲೋಟವನ್ನು ಚಹಾದ ಸಮೇತ ಎಸೆದರು. ಅದು ನನ್ನ ಕಿವಿಯ ಪಕ್ಕದಲ್ಲಿ ಹೋಗಿ ಗೋಡೆಗೆ ಬಡಿಯಿತು. ನಾನು ಲೋಟ ಎತ್ತಿ, ತೊಳೆದು, ಕವುಚಿ ಇಟ್ಟೆ. ಗೋಡೆ ಒರೆಸಿದೆ. ಮಗಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. "ಶಾಲೆಗೆ ಹೊತ್ತಾಯ್ತು," ಎಂದು ಅವಳಿಗೇ ಗದರಿದೆ. ಅದು ಮೊದಲನೆಯ ಲೋಟವೇನೂ ಆಗಿರಲಿಲ್ಲ.

ಬಸ್ಸಿನಲ್ಲಿ ಉಮ್ಮ ನನ್ನ ಮುಖ ನೋಡಿ, "ಎಂತ ಆಯ್ತು ಮಗಳೇ?" ಎಂದರು. "ಹೊಗೆ," ಎಂದೆ.

ಬೆಳ್ಮಣ್‌ನಲ್ಲಿ ಸರ್ವೇಯರ್ ಹತ್ತಿದರು. ಅವತ್ತು ಅವರ ಮೂಗು ಕೆಂಪಗೆ ಊದಿತ್ತು, ಮಾತೇ ಸರಿ ಹೊರಡುತ್ತಿರಲಿಲ್ಲ. ಚಳಿ ಜಾಸ್ತಿ ಉಂಟಾ ಎಂದು ಕೇಳಲಿಲ್ಲ. ಕೂತವರೇ ಗಾಜು ಇಳಿಸಿದರು. ಉಮ್ಮ ಎತ್ತಿದರು. ಮತ್ತೆ ಇಳಿಸಿದರು. ಉಮ್ಮನಿಗೆ ಆ ದಿನ ಉಬ್ಬಸ ಜೋರಾಗಿತ್ತು, ಎದೆಯಿಂದ ಸಿಳ್ಳೆಯ ಹಾಗೆ ಶಬ್ದ ಬರುತ್ತಿತ್ತು. ಅವರು ಇನ್ನೊಮ್ಮೆ ಗಾಜು ಎತ್ತಿ, ಅದರ ಕೊಕ್ಕೆ ಸಿಕ್ಕಿಸಿ, ಅಂಚನ್ನು ಬೆರಳುಗಳಿಂದ ಗಟ್ಟಿಯಾಗಿ ಹಿಡಿದು, ಮುಖವನ್ನು ಗಾಳಿಗೆ ಒಡ್ಡಿ ಕಣ್ಣು ಮುಚ್ಚಿದರು.

ಹಿಂದಿನಿಂದ ಎರಡು ಕೈಗಳು ಬಂದವು. ಎರಡೂ ಬದಿಯ ಕೊಕ್ಕೆಗಳನ್ನು ಒಟ್ಟಿಗೆ ಒತ್ತಿ ಬಿಟ್ಟವು.

ಆ ಹಳೆಯ ಬಸ್ಸುಗಳ ಗಾಜಿಗೆ ಕಬ್ಬಿಣದ ಚೌಕಟ್ಟು. ಅದು ಕತ್ತಿ ಬಿದ್ದ ಹಾಗೆ ಬಿತ್ತು. ಉಮ್ಮ ಕೂಗಲಿಲ್ಲ. ಬಾಯಿ ತೆರೆದರು, ಉಸಿರಿಲ್ಲದೆ ಶಬ್ದವೇ ಹೊರಡಲಿಲ್ಲ. ಗಾಜಿನ ಕೆಳಗೆ ಅವರ ಮೂರು ಬೆರಳುಗಳು ಚಪ್ಪಟೆಯಾಗಿದ್ದವು. ನಾನು ಚೌಕಟ್ಟಿಗೆ ಕೈ ಹಾಕಿ ಎತ್ತಿದೆ. ಒಂದು ಉಗುರು ಅಂಚಿಗೇ ಅಂಟಿಕೊಂಡು ಉಳಿಯಿತು. ರಕ್ತ ಅವರ ಬುರ್ಖಾದ ತೋಳಿನೊಳಗೆ ಇಳಿಯಿತು.

ನನ್ನ ಕೈ ಬ್ಯಾಗಿನೊಳಗೆ ಹೋಯಿತು. ಸಾಣೆ ಹಿಡಿಸಲು ಹಿಂದಿನ ದಿನ ಮನೆಗೆ ತಂದಿದ್ದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಅದರಲ್ಲಿತ್ತು. ಬೆರಳಿಗೆ ಮೊದಲು ತಾಗಿದ್ದು ಅದೇ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರಿಂದ ಅದು ಹಿಡಿತಕ್ಕೆ ಬರಲಿಲ್ಲ. ಪಕ್ಕದಲ್ಲಿ ಫ್ಲಾಸ್ಕು ಇತ್ತು.

ಎದ್ದು ತಿರುಗಿ ಮೊದಲನೆಯ ಏಟು ಹಾಕಿದೆ. ಹಣೆಗೆ ಬಿತ್ತು, ಟೋಪಿ ಇದ್ದುದರಿಂದ ಅವರಿಗೆ ಅಷ್ಟು ತಾಗಲಿಲ್ಲ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು. ಎರಡನೆಯದು ಮೂಗಿಗೆ. ಮೂರನೆಯ ಏಟಿಗೆ ಅವರು ಕೈ ಅಡ್ಡ ತಂದರು, ಕೈ ಸರಿಸಿ ಬಾಯಿಗೆ ಹೊಡೆದೆ. ಮುಂದಿನ ಹಲ್ಲೊಂದು ಮಫ್ಲರಿನ ಮೇಲೆ ಬಿತ್ತು. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಕಂಡಕ್ಟರ್ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದ. ಅವನಿಗೂ ಮೊಣಕೈಯಿಂದ ಕೊಟ್ಟೆ. ನಾನು ಏನು ಕೂಗುತ್ತಿದ್ದೆ ಎಂದು ನನಗೆ ಗೊತ್ತಿಲ್ಲ. ಆಮೇಲೆ ಕಂಡಕ್ಟರನೇ ಹೇಳಿದ, "ಅಕ್ಕಾ, ನೀವು ಲೋಟ ಲೋಟ ಎಂದು ಕೂಗುತ್ತಿದ್ದಿರಿ. ಯಾವ ಲೋಟ ಎಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ."

ಬಸ್ಸು ನಿಟ್ಟೆಯಲ್ಲಿ ನಿಲ್ಲದೆ ನೇರ ಕಾರ್ಕಳದ ಆಸ್ಪತ್ರೆಗೆ ಹೋಯಿತು. ಅಲ್ಲಿಂದ ಇಬ್ಬರನ್ನೂ ಮಣಿಪಾಲಕ್ಕೆ ಕಳಿಸಿದರು, ಒಂದೇ ಆಂಬ್ಯುಲೆನ್ಸಿನಲ್ಲಿ. ಉಮ್ಮ ನನ್ನ ಕೈ ಬಿಡದೆ ಇದ್ದುದರಿಂದ ನಾನೂ ಅದರಲ್ಲಿ ಕೂತೆ. ಒಂದು ಬದಿಯಲ್ಲಿ ಕೈಗೆ ಬಟ್ಟೆ ಸುತ್ತಿದ ಉಮ್ಮ, ಎದುರಿಗೆ ಮೂಗಿಗೆ ಹತ್ತಿ ಒತ್ತಿಕೊಂಡ ಸರ್ವೇಯರ್, ನಡುವೆ ನಾನು. ನನ್ನ ರವಿಕೆಯ ಮೇಲೆ ಇಬ್ಬರ ರಕ್ತವೂ ಇತ್ತು, ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ.

ನನಗೆ ಪಶ್ಚಾತ್ತಾಪ ಆಗ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ, ಮೈ ಹಗುರವಾಗಿತ್ತು. ವರ್ಷಗಳಿಂದ ಬಿಗಿದುಕೊಂಡಿದ್ದ ಭುಜ ಸಡಿಲವಾಗಿತ್ತು. ಅದನ್ನು ನೆನೆದರೆ ಈಗ ನನಗೇ ಹೆದರಿಕೆಯಾಗುತ್ತದೆ.

ಉಮ್ಮನ ಎರಡು ಬೆರಳಿಗೆ ಕಂಬಿ ಹಾಕಿದರು. ಮೂರನೆಯ ಬೆರಳಿನ ತುದಿಯನ್ನು ತೆಗೆಯಬೇಕಾಯಿತು. ಮರುದಿನ ವಾರ್ಡಿಗೆ ಹೋದರೆ ಅವರು ನನ್ನ ಕಡೆ ನೋಡಲಿಲ್ಲ.

"ನಾನು ಹೇಳಿದೆನಾ ನಿನಗೆ ಹೊಡೆ ಎಂದು?" ಎಂದರು.

"ನಿಮ್ಮ ಬೆರಳು, ಉಮ್ಮ..."

"ನನ್ನ ಬೆರಳು ಹೋಯಿತು. ನೀನು ಹೊಡೆದದ್ದಕ್ಕೆ ಬಂತಾ? ಈಗ ಊರೆಲ್ಲ ಎಂತ ಹೇಳುತ್ತದೆ ಗೊತ್ತುಂಟಾ? ಬ್ಯಾರಿ ಹೆಂಗಸಿಗೆ ಹೀಗೆ ಮಾಡಿದರು ಎಂದು ಒಬ್ಬರು, ಆ ಸರ್ರಿಗೆ ನಾವೇ ಹೊಡೆಸಿದ್ದು ಎಂದು ಇನ್ನೊಬ್ಬರು. ಇದು ಬರೀ ಕಿಟಕಿಯ ವಿಷಯ ಮಾರಾಯ್ತಿ. ನನ್ನ ಅಳಿಯನ ಫೋನಿಗೆ ಬೆಳಿಗ್ಗೆಯಿಂದ ಎಷ್ಟು ಜನ ಮಾಡಿದ್ದಾರೆ ಕೇಳು."

ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವರು ಮಲಗಿದಲ್ಲೇ ಅಳಿಯನಿಗೆ, ಬಂದ ಪ್ರತಿಯೊಬ್ಬರಿಗೂ, ಗಾಜು ಕೊಕ್ಕೆ ತಪ್ಪಿ ಬಿದ್ದದ್ದು ಎಂದೇ ಹೇಳಿದರು. ಹಾಗೆ ಹೇಳಿಯೇ ದೊಡ್ಡದಾಗಬಹುದಾಗಿದ್ದ ಒಂದು ಗಲಾಟೆಯನ್ನು ಅವರು ನಿಲ್ಲಿಸಿದರು.

ಠಾಣೆಯಲ್ಲಿ ಸರ್ವೇಯರ್ ಪ್ಲಾಸ್ಟರ್ ಹಾಕಿದ ಮುಖದಲ್ಲಿ ಕೂತು, "ಅವರ ಬೆರಳು ಅಲ್ಲಿದ್ದದ್ದು ನಾನು ನೋಡಿರಲಿಲ್ಲ," ಎಂದು ಹೇಳಿಕೆ ಕೊಟ್ಟರು. ನನ್ನ ಮೇಲೆ ಕೇಸು ಬೇಡ ಎಂದರು. ನಾನು ತಪ್ಪಾಯಿತು ಎಂದು ಬರೆದುಕೊಟ್ಟೆ. ನನ್ನ ಗಂಡ ಪಕ್ಕದಲ್ಲಿ ನಿಂತಿದ್ದರು. ಠಾಣೆಯಿಂದ ಹೊರಗೆ ಬಂದು ಬೈಕಿನಲ್ಲಿ ಉಡುಪಿಯ ತನಕ ಬಂದೆವು. ಒಂದು ಕಡೆ ನಿಲ್ಲಿಸಿ, "ಚಹಾ ಕುಡಿಯುವಾ?" ಎಂದು ಕೇಳಿದರು. ಆ ದನಿಯಲ್ಲಿ ಅವರು ನನ್ನ ಹತ್ತಿರ ಅದುವರೆಗೆ ಏನನ್ನೂ ಕೇಳಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಲೋಟವೂ ಹಾರಿಲ್ಲ. ಅದು ಪ್ರೀತಿಯಿಂದಲ್ಲ, ಹೆದರಿಕೆಯಿಂದ ಎಂದು ನನಗೆ ಗೊತ್ತು. ಹಾಗಾದರೂ ಆಗಲಿ ಎಂದು ಬಿಟ್ಟಿದ್ದೇನೆ.

ಫೆಬ್ರವರಿಯಲ್ಲಿ ನಾನು ಬೆಳ್ಮಣ್‌ನಲ್ಲಿ ಇಳಿದು ಸರ್ವೇಯರರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, ನಾನು ಯಾರೆಂದು ತಿಳಿದ ಮೇಲೆ ಒಳಗೆ ಕರೆಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತರು. ಸರ್ವೇಯರೇ ಒಳಗಿನಿಂದ, "ಬರಲಿ," ಎಂದರು. ಮೂಗು ಎಡಕ್ಕೆ ವಾಲಿತ್ತು. ಹೊಸ ಹಲ್ಲು ಬಾಯಿಗೆ ಸರಿಯಾಗಿ ಕೂತಿರಲಿಲ್ಲ.

"ಕ್ಷಮೆ ಕೇಳಲು ಬಂದೆ ಸರ್."

"ಅದು ಠಾಣೆಯಲ್ಲಿ ಬರೆದುಕೊಟ್ಟಿದ್ದೀರಲ್ಲ. ನನಗೆ ಬೇರೆ ಒಂದು ಕೇಳಬೇಕು. ಮೊದಲನೆಯ ಏಟು ನನಗೆ ಅರ್ಥ ಆಗುತ್ತದೆ. ಉಳಿದ ಎರಡು ಯಾಕೆ?"

ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪೊಲೀಸರೂ ಕೇಳಿರಲಿಲ್ಲ. ನಾನು ಅವರ ಹೆಂಡತಿಯ ಮುಂದೆಯೇ ಬೆಳಗಿನ ಲೋಟದ ಕತೆ ಹೇಳಿದೆ. ಅದಕ್ಕೂ ಹಿಂದಿನ ಲೋಟಗಳ ಕತೆ ಹೇಳಿದೆ. ನನ್ನ ಅಮ್ಮನಿಗೂ ಹೇಳದ್ದನ್ನು, ಮೂಗು ಮುರಿದುಕೊಂಡ ಆ ಮನುಷ್ಯನಿಗೆ ಹೇಳಿದೆ. "ಆ ಎರಡು ಏಟು ನಿಮಗೆ ಸೇರಬೇಕಾದದ್ದಲ್ಲ ಸರ್," ಎಂದೆ.

ಹೆಂಡತಿ ಚಹಾ ತರಲು ಎದ್ದು ಹೋದರು. ಆಗ ಸರ್ವೇಯರ್ ದನಿ ತಗ್ಗಿಸಿದರು.

"ನನಗೆ ಬೆರಳು ಕಂಡಿತ್ತು."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಬೆರಳು ಅಲ್ಲಿ ಉಂಟು ಎಂದು ನೋಡಿಯೇ ಬಿಟ್ಟದ್ದು. ತೆಗೆಯುತ್ತಾರೆ, ಸ್ವಲ್ಪ ಹೆದರಲಿ ಎಂದುಕೊಂಡೆ. ಬೆಳಿಗ್ಗೆ ಎದ್ದಾಗಿನಿಂದ ತಲೆ ಸಿಡಿಯುತ್ತಿತ್ತು. ತೆಗೆಯದಿದ್ದರೆ ತೆಗೆಯದಿರಲಿ ಎಂದೂ ಒಂದು ಕ್ಷಣ ಅನಿಸಿತ್ತು." ಅವರು ಮಫ್ಲರಿಲ್ಲದ ಕುತ್ತಿಗೆಯನ್ನು ಉಜ್ಜಿಕೊಂಡರು. "ಇವಳಿಗೆ ಇದು ಗೊತ್ತಿಲ್ಲ."

ನನ್ನ ಕೈ ಮಡಿಲಲ್ಲಿತ್ತು. ಅದು ಮುಷ್ಟಿ ಕಟ್ಟಿದ್ದನ್ನು ನೋಡಿದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೊಣಕಾಲ ಮೇಲೆ ಚಪ್ಪಟೆಯಾಗಿ ಇಟ್ಟೆ. ಹೆಂಡತಿ ತಂದ ಚಹಾ ಕುಡಿದು ಎದ್ದೆ. ಮತ್ತೆ ಅವರು ಆ ಬಸ್ಸಿಗೆ ಬರಲಿಲ್ಲ.

ಉಮ್ಮ ಹಾಸ್ಟೆಲಿನ ಕೆಲಸ ಬಿಟ್ಟು ಹೂಡೆಯಲ್ಲಿರುವ ಮಗಳ ಮನೆಗೆ ಹೋದರು. ಆ ಕೈಯಲ್ಲಿ ಹಿಟ್ಟು ನಾದಲು ಆಗುವುದಿಲ್ಲ. ರಂಜಾನ್ ಮುಗಿದ ಮೇಲೆ ನಾನು ನನ್ನ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಹೊಳೆಯ ಬದಿಯ ಜಗಲಿಯಲ್ಲಿ ಕೂತು, ಅವರು ನನ್ನ ಮಗಳಿಗೆ ತುದಿಯಿಲ್ಲದ ಬೆರಳು ತೋರಿಸಿ ನಗಿಸಿದರು. ಅವಳು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಆ ಸರ್ ಮನೆಗೆ ಹೋಗಿದ್ದೆಯಂತೆ."

"ಹೋಗಿದ್ದೆ."

"ಅವರು ನನ್ನ ಕೈ ನೋಡಿರಲಿಲ್ಲ ಅಲ್ವಾ? ನಾನು ಎಲ್ಲರಿಗೂ ಗಾಜು ಕೊಕ್ಕೆ ತಪ್ಪಿ ಬಿದ್ದದ್ದು ಎಂದೇ ಹೇಳಿದ್ದು. ಒಮ್ಮೊಮ್ಮೆ ಮಾತ್ರ ಸಂಶಯ ಬರುತ್ತದೆ."

ನಾನು ಅವರ ಕೈ ಹಿಡಿದುಕೊಂಡೆ.

"ಇಲ್ಲ ಉಮ್ಮ," ಎಂದೆ. "ನೋಡಿರಲಿಲ್ಲ."

ಅವರು ಹೌದೆಂಬಂತೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ ನನಗೆ ಇಂದಿಗೂ ತಿಳಿದಿಲ್ಲ.