ಆದೆಪ್ಪ ಗಾಡಿ ಎಣಿಸಿದ ದಿನ

ಮುದಗಲ್ ಕಡೆಯಿಂದ ಮಸ್ಕಿಗೆ ಬರುವ ಒಂದು ಒಳದಾರಿ ಎರಡು ಗುಡ್ಡಗಳ ನಡುವೆ ಹಾಯುತ್ತದೆ. ಅಲ್ಲಿ ರಸ್ತೆ ಏರಿ, ದೊಡ್ಡ ಬಂಡೆಯೊಂದನ್ನು ಸುತ್ತಿ ಇಳಿಯುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಸಿಂಧನೂರು ಕಡೆಯ ಹುಲ್ಲು ಒಣಭೂಮಿಯ ಊರುಗಳಿಗೆ ಹೋಗುವುದು ಇದೇ ದಾರಿಯಲ್ಲಿ. ಹುಲ್ಲು ಹೇರಿದ ಟ್ರ್ಯಾಕ್ಟರ್ ಹೆಚ್ಚುಕಡಿಮೆ ರಸ್ತೆಯಷ್ಟೇ ಅಗಲ. ಎದುರಿಗೆ ಬಸ್ಸು ಬಂದರೆ ಎರಡೂ ಕಡೆ ಗಾಡಿಗಳು ಸಾಲುಗಟ್ಟುತ್ತವೆ.

ಅಲ್ಲಿ ಕೆಂಪು ಬಟ್ಟೆ ಹಿಡಿದು ನಿಲ್ಲುವವನು ಆದೆಪ್ಪ. ರಸ್ತೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಗೂಲಿ. ಹೋದ ವರ್ಷ ಅವನು ಈ ಕಡೆ ಬಸ್ಸು ತಡೆದು ನಿಲ್ಲಿಸಿದ್ದಾಗ, ಬಂಡೆಯ ಆಚೆ ಹುಲ್ಲಿನ ಟ್ರ್ಯಾಕ್ಟರೊಂದು ಅವನದೇ ಊರಿನ ಜಂಗ್ಲಿಸಾಬರ ಬೈಕನ್ನು ಕಲ್ಲಿಗೆ ಒತ್ತಿತು. ಹಿಂದೆ ಕುಳಿತಿದ್ದ ಅವರ ಹೆಂಡತಿ ಮಕ್ತುಂಬೀಯ ಕಾಲು ಹೋಯಿತು. ಅಂದಿನಿಂದ ಆದೆಪ್ಪ ಕಚೇರಿಗೆ ಎಡತಾಕುತ್ತಲೇ ಇದ್ದ. ಬಂಡೆ ಒಡೆಯಬೇಕು, ಅಲ್ಲಿಯವರೆಗೆ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಬೇಕು. ಅವನು ಕೇಳಿದ್ದು ಇಷ್ಟೇ.

ಹೊಸದಾಗಿ ಬಂದ ಕಿರಿಯ ಎಂಜಿನಿಯರ್ ವೀರೇಂದ್ರ ಯೋಜನೆ ಬರೆಯಲು ಒಪ್ಪಿದರು. ಮುಂಜಾನೆಯಿಂದ ಸಂಜೆಯವರೆಗೆ ಎಷ್ಟು ಗಾಡಿ ಹೋಗುತ್ತವೆ ಎಂದು ಒಂದು ದಿನ ಎಣಿಸಲು ಹೇಳಿದರು. ಆದೆಪ್ಪ ಮೂರು ದಿನ ಯತ್ನಿಸಿದ. ಬಟ್ಟೆ ಬೀಸಿದರೆ ಎಣಿಕೆ ತಪ್ಪುತ್ತಿತ್ತು, ಎಣಿಸುತ್ತ ಕೂತರೆ ಗಾಡಿಗಳು ಮುಖಾಮುಖಿಯಾಗುತ್ತಿದ್ದವು. ನಾಲ್ಕನೆಯ ದಿನ ದಾರಿ ಬಿಡುವಾಗಿತ್ತು. ಕಲ್ಲಿನ ಮೇಲೆ ಕೂತು ಒಂದೂ ಬಿಡದೆ ಗೆರೆ ಎಳೆದ. ಇನ್ನೂರ ಹದಿನಾಲ್ಕು.

ಹದಿನೈದು ದಿನದ ಮೇಲೆ ವೀರೇಂದ್ರ ಕರೆಸಿದರು.

"ಇನ್ನೂರು ಗಾಡಿಗಿ ಗುಡ್ಡ ಕಡೀಬೇಕಾ ಅಂತ ಮ್ಯಾಲಿನವ್ರು ನಗಾಕತ್ಯಾರಪಾ. ವರದಿ ವಾಪಸ್ ಬಂದದ."

ಆದೆಪ್ಪ ಹಾಳೆಯ ಮೇಲಿನ ತಾರೀಖು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ. ನಮ್ಮ ಕಡೆ ಅಮಾವಾಸ್ಯೆಯ ದಿನ ಯಾರೂ ಹೇರು ಹೊರಡಿಸುವುದಿಲ್ಲ. ಟ್ರ್ಯಾಕ್ಟರ್ ತೊಳೆದು, ನಿಂಬೆಹಣ್ಣು ಕಟ್ಟಿ ನಿಲ್ಲಿಸುತ್ತಾರೆ.

"ಸಾಹೇಬ್ರ, ಅವತ್ತು ಅಮಾಸಿ ಇತ್ರಿ."

"ನಿನಗ ಗೊತ್ತಾಗ್ಲಿಲ್ಲೇನು?"

"ಗೊತ್ತಿತ್ರಿ. ಮನ್ಯಾಗ ಕಾಯಿ ಒಡದ ಹೋಗಿದ್ದೆ. ಗಾಡಿ ಕಡಿಮಿ ಇದ್ರ ಲೆಕ್ಕ ಚೊಲೊ ಸಿಗ್ತದಂತ ತಿಳಕೊಂಡ್ನಿ."

ವೀರೇಂದ್ರ ಪೆನ್ನು ಕೆಳಗಿಟ್ಟರು. "ಮತ್ತ ಎಣಿಸಬೇಕಂದ್ರ ಮೊದಲಿಂದು ತಪ್ಪಂತ ನೀ ಬರದು ಕೊಡಬೇಕು. ದಿನಗೂಲಿ ಆಳು ನೀ. ತೆಗದ ಹಾಕ್ರಿ ಅಂತ ಮ್ಯಾಲಿಂದ ಬಂದ್ರ ನನ್ನ ಕೈಯಾಗ ಏನಿಲ್ಲ ನೋಡು."

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ಅಮರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಎಣಿಸಾಕ ಅಮಾಸೀನ ಸಿಕ್ತೇನು ನಿನಗ! ಬರದು ಕೊಟ್ರ ಈ ವಯಸ್ಸಿನ್ಯಾಗ ಮತ್ಯಾರು ಕೆಲಸ ಕೊಡ್ತಾರ?"

"ಈಗ ಮಕ್ತುಂಬೀ ಮನಿ ಮುಂದ ಹಾದು ಬಂದೆ. ಕಲ್ಲು ಒಡದ್ರೇನು ಅಣ್ಣಾ ಅಂತ ಕೇಳಿದ್ಲು."

"ಏನಂದಿ?"

"ಇನ್ನಾ ಇಲ್ಲವ್ವಾ ಅಂದೆ."

ಅಮರಮ್ಮ ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ, "ಈ ಸಲ ನಾ ಎಣಸ್ತೀನಿ. ನೀ ಬಟ್ಟಿ ಬೀಸು," ಎಂದಳು.

ಆದೆಪ್ಪ ಬರೆದುಕೊಟ್ಟ. ಮುಂದಿನ ಬುಧವಾರ ಅಮರಮ್ಮ ಬೇವಿನ ನೆರಳಲ್ಲಿ ಕೂತು ಗೆರೆ ಎಳೆದಳು. ಏಳುನೂರ ಮೂವತ್ತೊಂದು. ಅವನ ಪತ್ರ, ಅವಳ ಲೆಕ್ಕ, ಎರಡೂ ಕಾಗದ ಮೇಲಕ್ಕೆ ಹೋದವು. ತಿಂಗಳಾದರೂ ಬಂಡೆಯ ವಿಷಯವಾಗಿ ಉತ್ತರವಿಲ್ಲ. ದಿನಗೂಲಿಯವರ ಹೊಸ ಪಟ್ಟಿ ಬರುತ್ತದೆ, ಅದರಲ್ಲಿ ಅವನ ಹೆಸರಿಲ್ಲ ಎಂಬ ಸುದ್ದಿ ಮಾತ್ರ ಬಂತು.

ಆದೆಪ್ಪ ಕಚೇರಿಗೆ ಹೋದ.

"ನನ್ನ ತೆಗದ್ರ ಅಲ್ಲಿ ಯಾರ್ನ ನಿಲ್ಲಸ್ತೀರ್ರಿ?"

"ಪಟ್ಟಿ ಇನ್ನಾ ಬಂದಿಲ್ಲಲ್ಲಪಾ," ಎಂದರು ವೀರೇಂದ್ರ, ಮುಖ ನೋಡದೆ.

"ಪಟ್ಟಿ ಬಂದ ದಿನಾನೂ ಟ್ರ್ಯಾಕ್ಟರ್ ಬರ್ತಾವ್ರಿ. ಹೊಸಬನ್ನ ಈಗ ಕಳಸ್ರಿ. ಎಲ್ಲಿ ನಿಂದ್ರಬೇಕು, ಯಾವ ಗಾಡಿ ಮೊದಲ ಬಿಡಬೇಕು, ನಾ ಹೇಳಿ ಕೊಡ್ತೀನಿ."