ಒನಕೆಯ ತಾಳಕ್ಕೆ ಇಂಗ್ಲಿಷ್ ಕ್ರಿಯಾಪದ

ಮಹಾರಾಜರ ಕಾಲದಲ್ಲಿ ನಾನು ಮಾಗಡಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಕ್ರಿಯಾಪದಗಳ ಕಾಲರೂಪಗಳನ್ನು ಹುಡುಗರಿಂದ ಮಗ್ಗಿಯಂತೆ ಕೂಗಿಸಿ ಬಾಯಿಪಾಠ ಮಾಡಿಸಿದ್ದೆ. ಶಾಲೆಯ ಗೋಡೆಯಾಚೆ ನೆರೆಮನೆಯ ಚೆನ್ನಮ್ಮ ದಿನವೂ ಭತ್ತ ಕುಟ್ಟುತ್ತಿದ್ದಳು. ಇನ್‌ಸ್ಪೆಕ್ಟರು ತಪಾಸಣೆಗೆ ಬರುವ ದಿನ ಮಾತ್ರ ಸದ್ದು ಮಾಡಬೇಡವೆಂದು ನಾನೇ ಕೇಳಿಕೊಂಡಿದ್ದೆ.

ಜರಿಪೇಟದ ಇನ್‌ಸ್ಪೆಕ್ಟರು ಬಂದವರೇ ಕಾಲರೂಪ ಕೇಳಲು "ಗೋ" ಎಂದರು. ಒಬ್ಬನೂ ಬಾಯಿ ಬಿಡಲಿಲ್ಲ. "ರೈಟ್" ಎಂದರು. ಊಹೂಂ! ಮುಂದೆ ಕೂತವನು ಕಾಲಿನಿಂದ ನೆಲ ತಟ್ಟುತ್ತಾ ಪರದಾಡುತ್ತಿದ್ದ. ಆಗ ಹೊಳೆಯಿತು ನನಗೆ! ಇವರು ಇಷ್ಟು ದಿನ ಕಲಿತದ್ದೆಲ್ಲ ಒನಕೆಯ ತಾಳಕ್ಕೆ! ಕಿಟಕಿಗೆ ಓಡಿದೆ.

"ಚೆನ್ನಮ್ಮಾ, ಒಸಿ ಕುಟ್ಟವ್ವಾ!"

"ಸದ್ದು ಮಾಡ್ಬ್ಯಾಡ ಅಂದೋರು ನೀವೇ ಅಲ್ವಾ ಮೇಷ್ಟ್ರೇ?"

"ಕುಟ್ಟು ತಾಯಿ, ನನ್ನ ಮಾನ ಉಳಿಸು!"

ಧಡ್ ಎಂದು ಒನಕೆ ಬಿತ್ತು. "ಗೋ!" ಧಡ್. "ವೆಂಟ್!" ಧಡ್. "ಗಾನ್!" ಅಷ್ಟೂ ಗಂಟಲು ಒಟ್ಟಿಗೆ, ಒಂದೂ ತಪ್ಪಿಲ್ಲ! ಇನ್‌ಸ್ಪೆಕ್ಟರ ಬೂಟುಗಾಲೂ ತಾಳ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

ಹೊರಡುವಾಗ ಅವರು ವರದಿ ಪುಸ್ತಕದಲ್ಲಿ ಬರೆದರು: "ವ್ಯಾಕರಣ ಉತ್ತಮ. ನೆರೆಮನೆಯ ಸದ್ದು ಪಾಠಕ್ಕೆ ಅಡ್ಡಿ, ಗೋಡೆ ಎತ್ತರಿಸತಕ್ಕದ್ದು."

ಸರ್ಕಾರದ ಕೆಲಸ ನೋಡಿ, ಗೋಡೆ ಏಳಲೇ ಇಲ್ಲ. ಬದುಕಿಕೊಂಡೆ.