ಆತು, ಬರ್ರಿ

ಜೂನ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತು ಐವತ್ತು. ಬೆಟಗೇರಿಯಲ್ಲಿರುವ ನಮ್ಮ ಪೈಪ್ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಇದ್ದವರು ಮೂವರು: ವಿಭಾಗ ನೋಡಿಕೊಳ್ಳುವ ನಾನು, ಮಾಲೀಕರ ಹೆಂಡತಿಯ ತಮ್ಮ, ಮತ್ತು ಹಿಂದಿನ ಗುರುವಾರ ಸಂದರ್ಶನಕ್ಕೆ ಬಂದು ಹೋಗಿದ್ದ ಹಿರೇವಡ್ಡಟ್ಟಿಯ ಹೆಣ್ಣುಮಗಳು. ಕಿರಿಯ ಲೆಕ್ಕಿಗರ ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ಆ ತಮ್ಮ ಆಗಲೇ ಕುಳಿತಿದ್ದ. ಆಕೆ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹತ್ತು ನಿಮಿಷ ಮೊದಲ ಬಂದೇನ್ರಿ ಅಕ್ಕಾರ," ಎಂದಳು. "ಮುಂಡರಗ್ಯಾಗ ಬಸ್ಸು ಜಲ್ದಿ ಸಿಕ್ತು."

ಕಂಪನಿಯಲ್ಲಿ ಎಲ್ಲರೂ ನನ್ನನ್ನು ಅಕ್ಕಾರು ಎನ್ನುತ್ತಾರೆ. ನಮ್ಮ ಕಡೆ ಅದು ಶಾಲೆಯ ಶಿಕ್ಷಕಿಯನ್ನು ಕರೆಯುವ ಮಾತು; ಆದರೆ ನಾನು ಶಾಲೆಯಲ್ಲಿ ಕಲಿಸಿದವಳಲ್ಲ. ಕೆಂಪು ಪೆನ್ನು ಹಿಡಿಯುತ್ತೇನೆ, ತಡವಾಗಿ ಬಂದವರನ್ನು ನಿಲ್ಲಿಸಿ ಕೇಳುತ್ತೇನೆ, ಅಷ್ಟೆ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಎಂಟು ವರ್ಷ ಬೆಳೆದವಳು. ಅರವತ್ತೈದು ದಾಟಿದರೂ ತಲೆಯೊಳಗೆ ಆ ಗಂಟೆ ನಿಂತಿಲ್ಲ.

ಗುರುವಾರದ ಸಂಗತಿ ಹೇಳಬೇಕು. ಸಂದರ್ಶನದ ಅರ್ಧಕ್ಕೇ ಮಾಲೀಕರು ಫೋನು ಹಿಡಿದು ಹೊರಗೆ ಹೋಗಿದ್ದರು. ನಾನು ಆಕೆಗೆ ತಾಳೆಯಾಗದ ಒಂದು ಪುಟ ಕೊಟ್ಟೆ. ಬಂದವರೆಲ್ಲ ಮೊದಲ ಸಾಲಿನಿಂದ ಕೂಡಿಸಲು ತೊಡಗುತ್ತಾರೆ. ಆಕೆ ಕೂಡಿಸಲೇ ಇಲ್ಲ. ಎರಡು ಮೊತ್ತಗಳ ವ್ಯತ್ಯಾಸ ತೆಗೆದು ಒಂಬತ್ತರಿಂದ ಭಾಗಿಸಿ ನೋಡಿದಳು.

"ಸರಿಯಾಗಿ ಭಾಗ ಹೋಗ್ತೈತ್ರಿ. ಎಲ್ಲ್ಯೋ ಅಂಕಿ ಹಿಂದ ಮುಂದ ಬರದಾರ."

ಎರಡು ನಿಮಿಷದಲ್ಲಿ ಬೆರಳಿಟ್ಟು ತೋರಿಸಿದಳು: ಐವತ್ತನಾಲ್ಕು ಇರಬೇಕಾದಲ್ಲಿ ನಲವತ್ತೈದು.

"ಇದನ್ನ ಯಾರು ಕಲಿಸಿದ್ರು?" ಎಂದೆ.

"ಮುಂಡರಗಿ ಗೊಬ್ಬರದ ಅಂಗಡ್ಯಾಗ ಆರು ವರ್ಷ ಲೆಕ್ಕ ಬರದೇನ್ರಿ. ಅಲ್ಲಿ ಮಾಲಕರ ಬೈಗುಳನ ಎಲ್ಲಾ ಕಲಿಸ್ತಾವು."

ಸೋಮವಾರದಿಂದ ತಿಂಗಳ ತೆರಿಗೆ ರಿಟರ್ನಿನ ಕೆಲಸ ಶುರುವಾಗುತ್ತದೆ, ಅಂದೇ ಒಬ್ಬರು ಬೇಕು ಎಂದು ನಾನೇ ಆಕೆಗೆ ಹೇಳಿದೆ. ಆದರೆ ನೇಮಿಸುವ ಅಧಿಕಾರ ನನ್ನದಲ್ಲ, ಮಾಲೀಕರು ಹೂಂ ಅನ್ನಬೇಕು. ಆದ್ದರಿಂದ ಎದ್ದು ನಿಂತು, "ಆತು, ಬರ್ರಿ" ಎಂದೆ.

ನಮ್ಮ ಕಡೆ ಹೊಸ್ತಿಲು ದಾಟುವವರಿಗೆ ಹೋಗ್ರಿ ಎನ್ನುವುದಿಲ್ಲ. ಹೊರಟವರೂ ಹೋಗ್ತೀನಿ ಎನ್ನುವುದಿಲ್ಲ, ಬರ್ತೀನಿ ಎನ್ನುತ್ತಾರೆ. ಹೋಗುವ ಮಾತು ಸಾವಿನ ಮನೆಯದು ಎಂದು ಅವ್ವ ಬಾಯಿಗೆ ಹೊಡೆದು ಕಲಿಸಿದ್ದಳು. ಹೀಗಾಗಿ "ಆತು, ಬರ್ರಿ" ಎಂದರೆ ಮಾತು ಮುಗಿಯಿತು, ಹೊರಡಿ ಎಂದೂ ಆಗುತ್ತದೆ. ಒಪ್ಪಿಗೆಯಾಯಿತು, ಕೆಲಸಕ್ಕೆ ಬನ್ನಿ ಎಂದೂ ಆಗುತ್ತದೆ. ಯಾವುದೆಂದು ಧ್ವನಿಯಿಂದ ತಿಳಿಯಬೇಕು. ನನ್ನ ಧ್ವನಿ ಅಂದು ಯಾವುದಿತ್ತು ಎಂಬುದು ನನಗೆ ಗೊತ್ತು. ಮನಸ್ಸಿನಲ್ಲಿ ಆಕೆಯನ್ನು ಆಗಲೇ ಆ ಕುರ್ಚಿಯಲ್ಲಿ ಕೂರಿಸಿಯಾಗಿತ್ತು.

ಶನಿವಾರ ಸಂಜೆ ಮಾಲೀಕರು ಬಂದು, "ಅಕ್ಕಾರ, ನಮ್ಮ ಮನಿಯಾಕಿ ತಮ್ಮ ಲಕ್ಷ್ಮೇಶ್ವರದಿಂದ ಬರಾಕತ್ತಾನ. ಲೆಕ್ಕದಾಗ ಮನಿ ಮನಷ್ಯಾ ಇದ್ರ ಚಲೋ. ನೀವ ತಿದ್ದಿ ತಯಾರ ಮಾಡ್ರಿ," ಎಂದರು. ನಾನು ಆ ಹೆಣ್ಣುಮಗಳಿಗೆ ಇಲ್ಲ ಎಂಬ ಪತ್ರ ಟೈಪ್ ಮಾಡಿದೆ. ಆಕೆಯ ಅರ್ಜಿಯಲ್ಲಿ ಮೊಬೈಲ್ ನಂಬರ್ ಇತ್ತು. ಒಂದು ಫೋನು ಮಾಡಿದ್ದರೆ ಸಾಕಿತ್ತು. ಆದರೆ ನನ್ನ ವಿಭಾಗದಿಂದ ಪತ್ರಗಳು ಹೊರಡುವುದು ಸೋಮವಾರ ಮತ್ತು ಗುರುವಾರ. ಅದನ್ನು ಟಪಾಲಿನ ತಟ್ಟೆಯಲ್ಲಿಟ್ಟು, ಬೀಗ ಹಾಕಿ, ಹೊತ್ತಿಗೆ ಸರಿಯಾಗಿ ಮನೆಗೆ ಹೋದೆ.

ಈಗ ಆಕೆ ಬಾಗಿಲಲ್ಲಿದ್ದಳು. ಕುರ್ಚಿಯಲ್ಲಿದ್ದವನಿಗೆ ಇದೊಂದು ಮೋಜು.

"ಏನ್ರಿ ಅಕ್ಕಾರ, ಒಂದ ಕುರ್ಚಿಗೆ ಇಬ್ಬರು? ಒಂದು ಹಾಡು ಹಚ್ರಿ, ಸುತ್ತು ಹಾಕ್ತೇವಿ. ಹಾಡು ನಿಂತಾಗ ಯಾರು ಕುಂಡ್ರತಾರೋ ಅವರದ ನೌಕ್ರಿ."

ಆಕೆ ನಗಲಿಲ್ಲ. ನನ್ನನ್ನೇ ನೋಡಿ, "ಶನಿವಾರನ ಅಂಗಡಿ ಬಿಟ್ಟೇನ್ರಿ. ನನ್ನ ಜಾಗಾಕ್ಕ ಅವರು ಬ್ಯಾರೇದವರನ್ನ ತಗೊಂಡೂ ಆತು," ಎಂದಳು.

ಅಷ್ಟರಲ್ಲಿ ಮಾಲೀಕರು ಬಂದರು. ಆಕೆ ಬಂದ ಕಾರಣ ಹೇಳಿದಾಗ ಜೋರಾಗಿ ನಕ್ಕರು.

"ಅಯ್ಯ ತಂಗಿ, ಬರ್ರಿ ಅಂದ್ರ ಹೋಗಿ ಬರ್ರಿ ಅಂತ! ಈ ಕಡೆ ಹುಟ್ಟಿ ಇಷ್ಟು ತಿಳೀದಿದ್ರ ಹೆಂಗ? ಬೀಗರು ಬರ್ತೀವಿ ಅಂತ ಎದ್ದು ಹೋದ್ರ, ಮತ್ತ ಅಡಗಿ ಮಾಡಿಟ್ಟು ಕಾಯ್ಕೋತ ಕುಂಡ್ರತೀಯೇನು?"

"ಅಕ್ಕಾರು ಹಂಗ ಅಂದಿದ್ದಿಲ್ರಿ," ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ನೀವ ಹೇಳ್ರಿ. ಖರೇನ ಹೇಳ್ರಿ. ಕರದಿದ್ರೋ, ಕಳಿಸಿದ್ರೋ?"

ನಿವೃತ್ತಿಯ ವಯಸ್ಸು ಮೀರಿದ ನನ್ನನ್ನು ವರ್ಷ ವರ್ಷವೂ ಒಂದು ಕಾಗದಕ್ಕೆ ಸಹಿ ಮಾಡಿ ಮುಂದುವರಿಸುವವರು ಎದುರಿಗೇ ನಿಂತಿದ್ದರು. ಆ ವರ್ಷದ ಕಾಗದ ಅವರ ಮೇಜಿನ ಮೇಲಿತ್ತು. ಆ ಕೋಣೆಯಲ್ಲಿ ಎಷ್ಟೋ ಜನರ ಸುಳ್ಳು ಲೆಕ್ಕಕ್ಕೆ ಕೆಂಪು ಗೆರೆ ಎಳೆದವಳು ನಾನು.

"ಕಳಿಸಿದ್ದೆ," ಎಂದೆ.

ಆಕೆ ಡಬ್ಬಿಯನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. ಹೊಸ್ತಿಲಲ್ಲಿ ನಿಂತು ಹೇಳಿದಳು:

"ಹೋಗ್ತೀನ್ರಿ ಅಕ್ಕಾರ."

ಬರ್ತೀನಿ ಎನ್ನಲಿಲ್ಲ. ಕುರ್ಚಿಯಲ್ಲಿದ್ದವನು ಕೂಡ ಮೊಬೈಲಿನಿಂದ ತಲೆಯೆತ್ತಿ ನೋಡಿದ. ನನ್ನ ನಾಲಿಗೆಯ ತುದಿಗೆ ರೂಢಿಯಂತೆ ಬಂದದ್ದು "ಬರ್ರಿ." ಅದನ್ನು ನುಂಗಿದೆ.

ಹತ್ತೂಕಾಲಿಗೆ ಕೆಲಸ ಶುರು ಮಾಡಿದೆ. ತಾಳೆಯಾಗದ ಅದೇ ಪುಟವನ್ನು ಅವನಿಗೂ ಕೊಟ್ಟೆ. ಮೊದಲ ಸಾಲಿನಿಂದ ಕೂಡಿಸಿದ, ಮೂರು ಸಲ ಕೂಡಿಸಿ ಮೂರು ಉತ್ತರ ತಂದ. "ಇದನ್ನ ಕಂಪ್ಯೂಟರ್ ಮಾಡೂದಿಲ್ಲೇನ್ರಿ?" ಎಂದು ಕೇಳಿ ಚಹಾಕ್ಕೆ ಎದ್ದು ಹೋದ. ನಾಲ್ಕು ಗಂಟೆಗೆ ನನ್ನ ಕಾಗದ ಸಹಿಯಾಗಿ ಬಂತು. ಓದದೆ ಫೈಲಿಗೆ ಹಾಕಿದೆ.

ಐದೂವರೆಗೆ ಟಪಾಲು. ಶನಿವಾರದ ಪತ್ರ ತಟ್ಟೆಯಲ್ಲೇ ಇತ್ತು. ಆಕೆಗೆ ಅದರಿಂದ ತಿಳಿಯಬೇಕಾದದ್ದು ಏನೂ ಉಳಿದಿರಲಿಲ್ಲ; ಆದರೂ ಅರ್ಜಿ ಹಾಕಿದವರಿಗೆ ಉತ್ತರ ಹೋಗಲೇಬೇಕೆಂಬುದು ನಾನೇ ಮಾಡಿದ ನಿಯಮ. ಕೊನೆಯ ಸಾಲು ಇಂಥ ಪತ್ರಗಳಲ್ಲಿ ಯಾವಾಗಲೂ ಇರುವಂಥದು: "ಮುಂದೆ ಅವಕಾಶ ಬಂದಾಗ ತಮ್ಮನ್ನು ಕರೆಯುತ್ತೇವೆ." ಆ ಸಾಲು ತೆಗೆದು ಪತ್ರವನ್ನು ಮತ್ತೆ ಟೈಪ್ ಮಾಡಿದೆ. ಹೊರಹೋಗುವ ಪತ್ರಗಳ ಜಾವಕ ವಹಿಯಲ್ಲಿ ನಂಬರು ಹಾಕಿ, ಹೆಸರು ಮತ್ತು ಊರು ಬರೆದು, ಲಕೋಟೆಗೆ ಅಂಟು ಹಚ್ಚಿ ಟಪಾಲಿನ ಚೀಲಕ್ಕೆ ಹಾಕಿದೆ.